ಗಿಡ್ಡ ತಳಿಯ ಹೋರಿಗರುಗಳ ಬೆಳವಣಿಗೆಯನ್ನು ಅಳೆಯುವ ಕ್ರಮ

ಕೊಡಗಿನ ಘಟ್ಟವಿಳಿದು ಪಯಸ್ವಿನೀ ಹೊಳೆಯ ಬಯಲನ್ನು ಸೇರುವಲ್ಲಿರುವ ಸಂಪಾಜೆ ಸೀಮೆಯ ಅಡಕೆ ತೋಟಗಳಿಗೆ ಹಟ್ಟಿಗೊಬ್ಬರವು ಅತ್ಯಾವಶ್ಯಕವಾದುದು. ಅದನ್ನೊದಗಿಸುತ್ತ ಬಂದ ಊರದನವು ಮಲೆನಾಡು ಗಿಡ್ಡವೆಂಬ ಸಣ್ಣ ಜಾತಿಯದು. ಈ ಜಾತಿಗೆ ಒಳ್ಳೆಯ ಬೀಜದ ಹೋರಿ ದೊರೆಯದಿದ್ದರೆ ಹಸುಗಳು ಗಬ್ಬಕಟ್ಟದೆ ಉಳಿಯುವುವು. ಇಲ್ಲವೆ ಜರ್ಸಿ ಮೊದಲಾದ ಪರಜಾತಿಯ ವೀರ್ಯವನ್ನು ಆಶ್ರಯಿಸಬೇಕಾಗಿ, ಕೆಲವೇ ತಲೆಮಾರುಗಳಲ್ಲಿ ಶುದ್ಧ ತಳಿಯು ಹಟ್ಟಿಯಿಂದ ಮರೆಯಾಗುವುದು.

ಹೋರಿಯನ್ನಾರಿಸುವಾಗ ಬಣ್ಣ, ಕೊಂಬು, ಹಿಣಿಲುಗಳನ್ನು ಕಂಡು ಮೆಚ್ಚುವುದು ವಾಡಿಕೆ. ಇವು ಕಣ್ಣಿಗೆ ಸೊಗಸೇ ಹೊರತು ಗರ್ಭಕಟ್ಟಿಸುವ ಶಕ್ತಿಗೆ ಸಾಕ್ಷಿಯಲ್ಲ. ಮಾಂಸಕ್ಕಾಗಿ ದನ ಸಾಕುವ ಅಮೆರಿಕದಲ್ಲಿ ಕರುವಿನ 205ನೆಯ ಮತ್ತು 365ನೆಯ ದಿನಗಳ ತೂಕವನ್ನು ಲೆಕ್ಕಹಾಕುತ್ತಾರೆ. 15 ತಿಂಗಳೊಳಗಿನ ಹೋರಿಗೆ ವೃಷಣಕೋಶದ ಸುತ್ತಳತೆ 30 ಸೆಂಟಿಮೀಟರಿಗೆ ಕಡಿಮೆಯಿರಕೂಡದೆಂದು ವಿಧಿಸಿದ್ದಾರೆ. ಕ್ರಮವು ಅನುಕರಣೀಯ, ಅಂಕಿ ಮಾತ್ರ ನಮಗೆ ಸಲ್ಲದು. ಹಿಣಿಲುಳ್ಳ ದನಗಳು ತಡವಾಗಿ ಪ್ರಾಯಕ್ಕೆ ಬರುವುವು. ಗಿಡ್ಡವಾದರೋ ದೇಹದಲ್ಲಿಯೇ ಚಿಕ್ಕದು. ಆದುದರಿಂದ ಒಂದೇ ಕಾಲದಲ್ಲಿ ಹುಟ್ಟಿ ಒಂದೇ ಬಗೆಯ ಮೇವುಂಡ ಓರಗೆಯ ಕರುಗಳನ್ನು ಪರಸ್ಪರ ಹೋಲಿಸತಕ್ಕದ್ದು.

ತಕ್ಕಡಿಯಿಲ್ಲದವರಿಗೆ ದರ್ಜಿಯ ಟೇಪು ಸಾಕು. ಬೆಳಗ್ಗೆ ಮೇವು ನೀರು ಕೊಡುವ ಮೊದಲು, ಮುಂಗಾಲ ಹಿಂಬದಿಯಲ್ಲಿ ಎದೆಯ ಸುತ್ತಳತೆಯನ್ನೂ, ಭುಜದ ಮೊನೆಯಿಂದ ಪೃಷ್ಠದ ಎಲುಬಿನ ತುದಿಯವರೆಗೆ ಉದ್ದವನ್ನೂ ಅಂಗುಲಗಳಲ್ಲಿ ಅಳೆಯಬೇಕು. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಪುನಃ ಉದ್ದದಿಂದ ಗುಣಿಸಿ, 660ರಿಂದ ಭಾಗಿಸಿದರೆ ತೂಕವು ಕಿಲೋಗ್ರಾಮಿನಲ್ಲಿ ಬರುವುದು. ಸುತ್ತಳತೆ 40, ಉದ್ದ 36 ಅಂಗುಲವಿದ್ದರೆ ಸುಮಾರು 87 ಕಿಲೋ. ಇದು ಅಂದಾಜು ಮಾತ್ರ. ಆದರೂ ತಿಂಗಳಿಗೊಮ್ಮೆ ಬರೆದಿಟ್ಟರೆ ಯಾವ ಕರು ಏಳುತ್ತಿದೆ, ಯಾವುದು ನಿಂತಿದೆ ಎಂಬುದು ಸ್ಪಷ್ಟವಾಗುವುದು.

ವೃಷಣಕೋಶವನ್ನು ಮಾತ್ರ ಬೆಳಗಿನ ಚಳಿಯಲ್ಲಿ ಅಳೆಯಬಾರದು. ಘಟ್ಟದ ಮಳೆಗಾಳಿಗೆ ಅದು ಮೇಲಕ್ಕೆ ಸೆಳೆದುಕೊಳ್ಳುವುದು. ಬಿಸಿಲೇರಿದ ಮೇಲೆ, ಕರುವನ್ನು ಭದ್ರವಾಗಿ ಕಟ್ಟಿ, ಎರಡೂ ವೃಷಣಗಳನ್ನು ಮೆಲ್ಲನೆ ಕೆಳಗಿಳಿಸಿ, ಅತ್ಯಂತ ಅಗಲವಾದ ಭಾಗಕ್ಕೆ ಟೇಪನ್ನು ಸುತ್ತಬೇಕು. ಈ ಅಳತೆ ಹೆಚ್ಚಿದಂತೆ ವೀರ್ಯೋತ್ಪತ್ತಿಯೂ ಸಾಮಾನ್ಯವಾಗಿ ಹೆಚ್ಚು. ಅಂತಹ ಹೋರಿಯ ಹೆಣ್ಣುಕರುಗಳೂ ಬೇಗ ಪ್ರಾಯಕ್ಕೆ ಬರುವುವು. ಒಂದೇ ವೃಷಣವಿಳಿದಿರುವ ಕರುವನ್ನು ಎಷ್ಟೇ ಅಂದವಾಗಿದ್ದರೂ ಬೀಜಕ್ಕೆ ಬಿಡಬಾರದು. ಆ ದೋಷವು ಸಂತತಿಗೂ ಇಳಿಯುವುದು.

ಇಲ್ಲಿ ಒಂದು ಸಂಗತಿಯನ್ನು ಹೇಳಲೇಬೇಕು. ಗಂಡುಕರುವೆಂದು ಹಾಲನ್ನು ತಪ್ಪಿಸುವ ಪದ್ಧತಿ ಹಲವು ಹಟ್ಟಿಗಳಲ್ಲುಂಟು. ವೃಷಣಗಳ ಮುಂದಿನ ಬೆಳವಣಿಗೆ ನಿಶ್ಚಯವಾಗುವುದು ಬಹುಮಟ್ಟಿಗೆ ಮೊದಲ ಆರು ತಿಂಗಳ ಪೋಷಣೆಯಿಂದಲೇ. ಆಗ ಬಡಕಲಾದ ಕರುವಿಗೆ ವರ್ಷದ ಮೇಲೆ ಹಿಂಡಿ ಸುರಿದರೆ ಬರುವುದು ಕೊಬ್ಬು. ವೃಷಣಕೋಶದ ಕುತ್ತಿಗೆಯಲ್ಲಿ ಕೊಬ್ಬು ಸೇರಿದರೆ ಒಳಗೆ ಬಿಸಿಯೇರಿ ವೀರ್ಯ ಕೆಡುವುದು.

ಹೀಗೆ ಆರಿಸಿದ ಹೋರಿಯನ್ನು ಹಸುವಿಗೆ ಬಿಡುವ ಮುನ್ನ ಪಶುವೈದ್ಯರಿಂದ ವೀರ್ಯಪರೀಕ್ಷೆ ಮಾಡಿಸತಕ್ಕದ್ದು. ಮಿಕ್ಕ ಕರುಗಳ ಬೀಜವನ್ನು ಅವು ಮಂದೆಯಲ್ಲಿ ಹಾರತೊಡಗುವ ಮೊದಲೇ ಒಡೆಸಬೇಕು.