ಟ್ಯಾಂಕ್ ಬಂತು ಸರಿ, ದಾರಿ ಮಾಡಿದ್ದು ಯಾರು?

ಒಂದು ಮಸಾಲೆ ದೋಸೆ, ಒಂದು ಫಿಲ್ಟರ್ ಕಾಫಿ. ಉಕ್ರೇನ್ ಯುದ್ಧದ ಮೇಲೆ ಬೆಟ್ಟು ಕಟ್ಟಿ ನಾನು ಸೋತಿದ್ದು ಇಷ್ಟು. ಹೀಗೆ ಬರೆಯಲು ಈಗ ನಾಚಿಕೆಯಾಗುತ್ತದೆ. ಆಗ ನನಗೆ ಹದಿನೇಳು, ದ್ವಿತೀಯ ಪಿಯುಸಿ. ಮೊಬೈಲ್‌ನ ವಾಲ್‌ಪೇಪರ್‌ನಲ್ಲಿ ಜರ್ಮನಿಯ ಲೆಪರ್ಡ್ ಟ್ಯಾಂಕ್. ಅಮ್ಮ ಅದನ್ನು ನೋಡಿದಾಗಲೆಲ್ಲ, 'ಬೇರೆ ಹುಡುಗೀರು ಏನೇನೋ ಹಾಕ್ಕೋತಾರೆ, ಇವಳಿಗೆ ಈ ಕಬ್ಬಿಣದ ಡಬ್ಬ' ಎನ್ನುತ್ತಿದ್ದಳು.

2023ರ ಜನವರಿಯಲ್ಲಿ ಬ್ರಿಟನ್ 14 ಚಾಲೆಂಜರ್-2 ಟ್ಯಾಂಕ್ ಕೊಡುತ್ತೇನೆ ಎಂದಿತು. ಅದೇ ತಿಂಗಳ 25ರಂದು ಜರ್ಮನಿ 14 ಲೆಪರ್ಡ್-2, ಅಮೆರಿಕ 31 ಅಬ್ರಾಮ್ಸ್ ಘೋಷಿಸಿದವು. ಪೋಲೆಂಡ್ ಮತ್ತು ಇನ್ನಷ್ಟು ದೇಶಗಳು ಸಾಲಿನಲ್ಲಿದ್ದವು. ಅರವತ್ತು ಟನ್‌ಗೂ ಹೆಚ್ಚು ತೂಕ, 1500 ಅಶ್ವಶಕ್ತಿ, 120 ಎಂಎಂ ಫಿರಂಗಿ. ಇನ್ನೇನು ಬೇಕು? 'ಮಳೆಗಾಲ ಮುಗಿಯೋದ್ರೊಳಗೆ ಉಕ್ರೇನಿನವರು ಸಮುದ್ರ ಮುಟ್ತಾರೆ ನೋಡ್ತಿರು' ಎಂದು ಗೆಳತಿಯ ಜೊತೆ ಬೆಟ್ಟು ಕಟ್ಟಿದೆ.

ಸಿಇಟಿ ಕೌನ್ಸೆಲಿಂಗ್‌ಗೆ ಕಾಯುತ್ತಿದ್ದ ಜೂನ್ ತಿಂಗಳಲ್ಲಿ ಆ ಚಿತ್ರಗಳು ಬಂದವು. ಝಪೊರಿಝಿಯಾ ಪ್ರಾಂತ್ಯದ ಮಾಲಾ ತೊಕ್‌ಮಾಚ್ಕಾ ಎಂಬ ಹಳ್ಳಿಯ ಹತ್ತಿರದ ಹೊಲ. ಲೆಪರ್ಡ್‌ಗಳು, ಅಮೆರಿಕ ಕೊಟ್ಟ ಬ್ರ್ಯಾಡ್ಲಿ ವಾಹನಗಳು ಒಂದಕ್ಕೊಂದು ಅಂಟಿಕೊಂಡಂತೆ ನಿಂತಿವೆ. ಚೈನು ಕಿತ್ತುಹೋಗಿದೆ, ಕೆಲವು ಸುಟ್ಟಿವೆ. ನೆಲಬಾಂಬ್ ತೆಗೆಯಲೆಂದೇ ಫಿನ್ಲೆಂಡ್ ಕೊಟ್ಟಿದ್ದ ವಿಶೇಷ ಲೆಪರ್ಡ್ ಕೂಡ ಅದೇ ಹೊಲದಲ್ಲಿ ನಿಂತುಬಿಟ್ಟಿದೆ!

ನಾವು ಬಾಡಿಗೆಗಿರುವುದು ಹಲಸೂರು ಕೆರೆಯಿಂದ ಹತ್ತು ನಿಮಿಷದ ನಡಿಗೆಯ ದೂರದಲ್ಲಿ. ಕೆಳಗಿನ ಮನೆಯಲ್ಲಿ ಮಾಲೀಕರಿದ್ದಾರೆ. ಮದ್ರಾಸ್ ಸ್ಯಾಪರ್ಸ್‌ನ ನಿವೃತ್ತ ಹವಾಲ್ದಾರ್, ವಯಸ್ಸು ಎಪ್ಪತ್ತೈದು ದಾಟಿದೆ. ಮನೆಯಲ್ಲಿ ತಮಿಳು, ಬೀದಿಯಲ್ಲಿ ಕನ್ನಡ, ಸಿಟ್ಟು ಬಂದಾಗ ಪಟಾಲಂ ಹಿಂದಿ. ನಾನು ಅವರನ್ನು ಹವಾಲ್ದಾರ್ ತಾತ ಎಂದೇ ಕರೆಯುವುದು. ಮುಖ ಸಪ್ಪೆ ಮಾಡಿಕೊಂಡು ಮೆಟ್ಟಿಲ ಮೇಲೆ ಕೂತಿದ್ದವಳ ಕೈಯಿಂದ ಫೋನ್ ಇಸಿದುಕೊಂಡು ಚಿತ್ರವನ್ನು ದೂರ ಹಿಡಿದು ನೋಡಿದರು. ಟ್ಯಾಂಕಿನ ಹೆಸರೂ ಕೇಳಲಿಲ್ಲ, ಯಾವ ದೇಶದ್ದು ಅಂತಲೂ ಕೇಳಲಿಲ್ಲ.

'ಮೈನ್ ಯಾರು ತೆಗೆದ್ರು?' ಎಂದರು ಅಷ್ಟೇ.

ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ನಾನು ನೋಡಿದ ನೂರಾರು ವಿಡಿಯೊಗಳಲ್ಲಿ ಫಿರಂಗಿ ಇತ್ತು, ರಕ್ಷಾಕವಚದ ದಪ್ಪ ಇತ್ತು, ವೇಗ ಇತ್ತು. ನೆಲ ಇರಲಿಲ್ಲ.

ಲೆಕ್ಕ ನೋಡಿ. ಟಿಎಂ-62 ಎಂಬುದು ಸೋವಿಯತ್ ಕಾಲದ ಟ್ಯಾಂಕ್ ವಿರೋಧಿ ನೆಲಬಾಂಬ್. ನಮ್ಮ ಮನೆಯ ಇಡ್ಲಿ ಪಾತ್ರೆಯಷ್ಟು ಅಗಲ, ಒಳಗೆ ಸುಮಾರು ಏಳೂವರೆ ಕಿಲೊ ಸ್ಫೋಟಕ. ಮನುಷ್ಯ ನಡೆದರೆ ಸಾಮಾನ್ಯವಾಗಿ ಸಿಡಿಯುವುದಿಲ್ಲ, ನೂರೈವತ್ತು ಕಿಲೊಗಿಂತ ಹೆಚ್ಚಿನ ಭಾರ ಬೇಕು. ಟ್ಯಾಂಕಿನ ಹೊಟ್ಟೆ ಒಡೆಯಬೇಕಾಗಿಯೂ ಇಲ್ಲ, ಚೈನು ತುಂಡಾದರೆ ಸಾಕು. ಕೋಟಿಗಟ್ಟಲೆ ಬೆಲೆಯ ಯಂತ್ರ ನಿಂತಲ್ಲೇ ಗುರಿಯಾಗುತ್ತದೆ. ಹಿಂದಿನದು ಪಕ್ಕಕ್ಕೆ ಸರಿಯಲು ಹೋದರೆ ಅಲ್ಲೂ ಮೈನು. ರಷ್ಯನ್ನರು ತಿಂಗಳುಗಟ್ಟಲೆ ಕೂತು ಬಾಂಬ್ ಹೂತಿದ್ದರು, ಕೆಲವೆಡೆ ಒಂದರ ಮೇಲೊಂದು ಇಟ್ಟಿದ್ದರು. ಬೇಸಿಗೆ ಮುಂದುವರಿದಂತೆ ಉಕ್ರೇನಿನವರು ಟ್ಯಾಂಕ್‌ಗಳನ್ನು ಹಿಂದೆ ನಿಲ್ಲಿಸಿ, ರಾತ್ರಿ ಹೊತ್ತು ಸ್ಯಾಪರ್‌ಗಳನ್ನು ಮಂಡಿಯೂರಿಸಿ ಕೈಯಿಂದ ಬಾಂಬ್ ತೆಗೆಸಬೇಕಾಯಿತು. ಆಗಸ್ಟ್ ಹೊತ್ತಿಗೆ ತಲುಪಿದ್ದು ರೊಬೊಟಿನೆ ಎಂಬ ಊರನ್ನು. ಸಮುದ್ರ ಕೈಗೆ ಸಿಗಲೇ ಇಲ್ಲ. ಗೆಳತಿಗೆ ದೋಸೆ ಕೊಡಿಸಿದೆ.

ಆಮೇಲೆ ತಾತನೊಡನೆ ಮೆಟ್ಟಿಲ ಮೇಲಿನ ಕ್ಲಾಸು ಶುರುವಾಯಿತು. ನನಗೆ ಆಶ್ಚರ್ಯವಾದ ಮೊದಲ ಸಂಗತಿ ನಮ್ಮ ಊರಿನದೇ. 1780ರಲ್ಲಿ ಹುಟ್ಟಿದ ಮದ್ರಾಸ್ ಸ್ಯಾಪರ್ಸ್ ಬೆಂಗಳೂರಿಗೆ ನೆಲೆ ಬದಲಿಸಿದ್ದು 1834ರಲ್ಲಿ. ಕೆರೆಯ ಪಕ್ಕ ನಾವೆಲ್ಲ ಎಂಇಜಿ ಎನ್ನುತ್ತೇವಲ್ಲ, ಅದೇ. ಅವರ ಜೊತೆಗಿದ್ದ ಕ್ಯಾಪ್ಟನ್ ಮೆಕ್ಲಿಂಟಾಕ್ ಎಂಬ ಬ್ರಿಟಿಷ್ ಎಂಜಿನಿಯರ್ 1912ರಲ್ಲಿ ಸ್ಫೋಟಕ ತುಂಬಿದ ಕೊಳವೆಗಳನ್ನು ಒಂದಕ್ಕೊಂದು ಜೋಡಿಸಿ, ತಾನು ಮರೆಯಲ್ಲೇ ಇದ್ದು ಅದನ್ನು ಮುಂದಕ್ಕೆ ತಳ್ಳಿ, ಮುಳ್ಳುತಂತಿ ಬೇಲಿ ಒಡೆಯುವ ಉಪಾಯ ಮಾಡಿದ. ಅದರ ಹೆಸರು ಬೆಂಗಳೂರ್ ಟಾರ್ಪಿಡೊ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದವರು ಇದನ್ನೇ ತಯಾರಿಸಿ 1944ರಲ್ಲಿ ನಾರ್ಮಂಡಿಯ ಕಡಲತೀರಕ್ಕೆ ಹೊತ್ತೊಯ್ದರು. 'ಸೇವಿಂಗ್ ಪ್ರೈವೇಟ್ ರಯಾನ್' ನೋಡಿದವರಿಗೆ ಆ ದೃಶ್ಯ ನೆನಪಿರಬಹುದು. ಸೈನಿಕರು ಕೂಗುವುದು ನಮ್ಮ ಊರಿನ ಹೆಸರನ್ನೇ! ಇಂದಿಗೂ ಹಲವು ಸೇನೆಗಳಲ್ಲಿ ಇದು ಬಳಕೆಯಲ್ಲಿದೆ. ನಾನು ಹುಟ್ಟಿ ಬೆಳೆದದ್ದೇ ಹಲಸೂರಿನಲ್ಲಿ, ನನಗೆ ಇದನ್ನು ಯಾರೂ ಹೇಳಿರಲಿಲ್ಲ.

ಕೊಳವೆ ಒಡೆಯುವುದು ಕಾಲಾಳು ನುಗ್ಗುವಷ್ಟು ದಾರಿಯನ್ನು ಮಾತ್ರ. ಟ್ಯಾಂಕಿಗೆ ಅಗಲದ ದಾರಿ ಬೇಕು. ಅದಕ್ಕೆ ಸ್ಫೋಟಕದ ಉದ್ದ ಹಗ್ಗವನ್ನು ರಾಕೆಟ್‌ನಿಂದ ಎಸೆಯುವ ಯಂತ್ರಗಳಿವೆ, ಮುಂದೆ ತಳ್ಳುವ ರೋಲರ್‌ಗಳಿವೆ, ಮಣ್ಣು ಬಗೆದು ಪಕ್ಕಕ್ಕೆ ಹಾಕುವ ನೇಗಿಲುಗಳಿವೆ. ಅವು ಯಾವುವೂ ಇಲ್ಲದಿದ್ದರೆ ಸ್ಯಾಪರ್ ಮತ್ತು ಅವನ ಸಲಾಕೆ. ಸಲಾಕೆಯನ್ನು ಓರೆಯಾಗಿ ಚುಚ್ಚಬೇಕು, ನೇರವಾಗಿ ಚುಚ್ಚಿದರೆ ಬಾಂಬಿನ ತಲೆಗೇ ತಾಗುತ್ತದೆ. ತಾತ ಇದನ್ನು ಪೆನ್ನಿನಿಂದ ಮೆಟ್ಟಿಲ ಪಕ್ಕದ ತುಳಸಿ ಕುಂಡದಲ್ಲಿ ಮಾಡಿ ತೋರಿಸಿದರು.

ಅವರು ಇದನ್ನು ನಿಜವಾಗಿ ಮಾಡಿದ್ದು 1971ರ ಡಿಸೆಂಬರ್‌ನಲ್ಲಿ, ಶಕರ್‌ಗಢ ಪ್ರದೇಶದಲ್ಲಿ. ಅಲ್ಲಿಯ ಬಸಂತರ್ ನದಿಯ ಕಾಳಗವನ್ನು ನೀವೂ ಓದಿರುತ್ತೀರಿ, ಸೆಕೆಂಡ್ ಲೆಫ್ಟಿನೆಂಟ್ ಅರುಣ್ ಖೇತ್ರಪಾಲ್ ಅವರ ಪರಮವೀರ ಚಕ್ರದ ಮೂಲಕ. 21 ವರ್ಷದ ಆ ಯುವಕ ಬ್ರಿಟನ್‌ನ ಸೆಂಚುರಿಯನ್ ಟ್ಯಾಂಕಿನಲ್ಲಿದ್ದರು, ಎದುರಿಗೆ ಬಂದದ್ದು ಅಮೆರಿಕ ಪಾಕಿಸ್ತಾನಕ್ಕೆ ಕೊಟ್ಟಿದ್ದ ಪ್ಯಾಟನ್‌ಗಳು. ಹೊಡೆದಾಡುತ್ತಿದ್ದವರು ನಾವಿಬ್ಬರು, ಯಂತ್ರಗಳು ಇನ್ನಿಬ್ಬರವು. ಆದರೆ ಅವರ ಪೂನಾ ಹಾರ್ಸ್ ರೆಜಿಮೆಂಟಿನ ಟ್ಯಾಂಕ್‌ಗಳು ನದಿ ದಾಟಿ ಮುಂದಕ್ಕೆ ಹೋಗಬೇಕಾದರೆ ನೆಲಬಾಂಬಿನ ಬಯಲು ದಾಟಬೇಕಿತ್ತು. ಆ ದಾರಿ ತೆರೆಯುತ್ತಿದ್ದದ್ದು ಮದ್ರಾಸ್ ಸ್ಯಾಪರ್ಸ್‌ನ 9ನೇ ಎಂಜಿನಿಯರ್ ರೆಜಿಮೆಂಟ್. ಕೆಲಸ ಅರ್ಧ ಆಗಿರುವಾಗಲೇ ಶತ್ರು ಟ್ಯಾಂಕ್‌ಗಳು ಬರುತ್ತಿರುವ ಸುದ್ದಿ ಬಂತು. ಪೂನಾ ಹಾರ್ಸ್ ಕಾಯಲಿಲ್ಲ, ಆ ಅರ್ಧ ದಾರಿಯಲ್ಲೇ ನುಗ್ಗಿತು. ದಾರಿ ತೆರೆಯುವ ಕೆಲಸದ ಮುಂಚೂಣಿಯಲ್ಲಿದ್ದ ಮೇಜರ್ ವಿಜಯ್ ರತ್ತನ್ ಚೌಧರಿ ಆ ಕಾರ್ಯಾಚರಣೆಯಲ್ಲೇ ಹುತಾತ್ಮರಾದರು. ಅವರಿಗೆ ಮರಣೋತ್ತರ ಮಹಾವೀರ ಚಕ್ರ ಬಂತು. ಖೇತ್ರಪಾಲ್ ಹೆಸರು ನಮ್ಮ ಕ್ಲಾಸಿನಲ್ಲಿ ಹತ್ತು ಮಂದಿಗೆ ಗೊತ್ತಿತ್ತು. ಚೌಧರಿ ಹೆಸರು ಒಬ್ಬರಿಗೂ ಇಲ್ಲ. ನಾನೂ ಆ ಒಬ್ಬಳಾಗಿರಲಿಲ್ಲ.

ತಾತ ಇದ್ದದ್ದು ಅದೇ ಪ್ರದೇಶದ ಬೇರೊಂದು ತುಕಡಿಯಲ್ಲಿ. ಕಾಳಗದ ವಿಷಯ ಕೇಳಿದರೆ ಹೆಚ್ಚು ಮಾತಾಡುವುದಿಲ್ಲ. ಒಂದು ಸಲ ಮಾತ್ರ ಹೇಳಿದರು: ಡಿಸೆಂಬರ್ 17ಕ್ಕೆ ಯುದ್ಧ ನಿಂತಿತು, ಎಲ್ಲರೂ ಸಿಹಿ ಹಂಚಿಕೊಂಡರು, ಸ್ಯಾಪರ್‌ಗಳಿಗೆ ಕೆಲಸ ನಿಲ್ಲಲಿಲ್ಲ. ಹೂತಿದ್ದನ್ನು ತೆಗೆಯಬೇಕಲ್ಲ. ಅವರ ಜೊತೆಗಾರ ಪಾದ ಕಳೆದುಕೊಂಡದ್ದು ಯುದ್ಧ ಮುಗಿದು ಎರಡು ತಿಂಗಳಾದ ಮೇಲೆ, ಒಂದು ಗೋಧಿ ಹೊಲದಲ್ಲಿ, ಮಧ್ಯಾಹ್ನ. 'ಪೇಪರಲ್ಲಿ ಎಲ್ಲಿ ಬರುತ್ತೆ ಅದು' ಎಂದು ಒಳಗೆ ಹೋದರು. ಉಕ್ರೇನಿನ ಖಾರ್ಕಿವ್ ಸೀಮೆಯ ರೈತರು ಬಿತ್ತನೆಗೆ ಮುಂಚೆ ಟ್ರ್ಯಾಕ್ಟರಿಗೆ ರಿಮೋಟ್ ಕಟ್ಟಿ, ಖಾಲಿ ಟ್ರ್ಯಾಕ್ಟರನ್ನು ತಮ್ಮ ಹೊಲಕ್ಕೆ ಬಿಟ್ಟ ಸುದ್ದಿ ಓದಿದಾಗ ನನಗೆ ಆ ಗೋಧಿ ಹೊಲ ನೆನಪಾಯಿತು. 2022ರ ಮಾರ್ಚ್ 1ರಂದು ನಮ್ಮ ಹಾವೇರಿ ಜಿಲ್ಲೆಯ ವೈದ್ಯಕೀಯ ವಿದ್ಯಾರ್ಥಿ ಶೆಲ್ ದಾಳಿಗೆ ಬಲಿಯಾದದ್ದೂ ಅದೇ ಖಾರ್ಕಿವ್‌ನಲ್ಲಿ.

ಇನ್ನು ಮಿತ್ರರು ಕೊಡುವ ನೆರವಿನ ಮಾತು. ಇದನ್ನು ನನಗೆ ಅರ್ಥ ಮಾಡಿಸಿದ್ದು ಅಪ್ಪ. ಅವರು ಕೆ.ಆರ್.ಪುರದ ಡೀಸೆಲ್ ಲೋಕೊ ಶೆಡ್‌ನಲ್ಲಿ ಫಿಟ್ಟರ್. ಅಲ್ಲಿಯ ಎಂಜಿನ್‌ಗಳು ಅಮೆರಿಕದ ಇಎಂಡಿ ಕಂಪನಿಯ ವಿನ್ಯಾಸದವು. ಮೊದಲ ಕೆಲವು ಹೊರಗಿನಿಂದ ಬಂದವು, ಆಮೇಲೆ ತಂತ್ರಜ್ಞಾನ ಪಡೆದು ವಾರಾಣಸಿಯಲ್ಲೇ ಕಟ್ಟಿದರು. 'ಎಂಜಿನ್ ಯಾರಾದ್ರೂ ಕೊಟ್ಟಾರು, ಶೆಡ್ ಯಾರು ಕೊಡ್ತಾರೆ?' ಎಂಬುದು ಅಪ್ಪನ ಮಾತು. ಪಿಸ್ಟನ್ ರಿಂಗ್ ಬೇಕು, ಗ್ಯಾಸ್ಕೆಟ್ ಬೇಕು, ಸರಿಯಾದ ಟೂಲ್ ಬೇಕು, ಅದನ್ನು ಹಿಡಿಯಲು ಬರುವ ಕೈ ಬೇಕು.

ಉಕ್ರೇನಿಗೆ ಬಂದ ಟ್ಯಾಂಕ್‌ಗಳನ್ನು ಈ ಕಣ್ಣಿನಿಂದ ನೋಡಿ. ಅವರ ಹಳೆಯ ಸೋವಿಯತ್ ಟಿ-72ರ ಫಿರಂಗಿ 125 ಎಂಎಂ. ಲೆಪರ್ಡ್-2ರದು 120, ಚಾಲೆಂಜರ್-2ರದೂ 120. ಆದರೆ ಚಾಲೆಂಜರಿನ ನಳಿಗೆಯೊಳಗೆ ಸುರುಳಿ ಗೀರುಗಳಿವೆ, ಲೆಪರ್ಡ್‌ನದು ನುಣುಪು. ಒಂದರ ಗುಂಡು ಇನ್ನೊಂದಕ್ಕೆ ಹೊಂದದು. ಆಮೇಲೆ ಬಂದ ಹಳೆಯ ಲೆಪರ್ಡ್-1ರದು 105. ಅಬ್ರಾಮ್ಸ್‌ನಲ್ಲಿರುವುದು ಡೀಸೆಲ್ ಎಂಜಿನ್ ಅಲ್ಲ, ಗ್ಯಾಸ್ ಟರ್ಬೈನ್. ಕೆಟ್ಟರೆ ದಾರಿ ಬದಿಯ ಮೆಕ್ಯಾನಿಕ್ ಮುಟ್ಟುವ ಹಾಗಿಲ್ಲ. ಲೆಪರ್ಡ್ ರಿಪೇರಿಗೆ ಪೋಲೆಂಡಿನಲ್ಲಿ ವರ್ಕ್‌ಶಾಪ್ ತೆರೆದರು. ಅಂದರೆ ಗಾಯಗೊಂಡ ಟ್ಯಾಂಕ್ ಗಡಿ ದಾಟಿ ಹೋಗಿ ಬರಬೇಕು. ಥರ್ಮೊಡೈನಮಿಕ್ಸ್ ಪರೀಕ್ಷೆಯಲ್ಲಿ ಗ್ಯಾಸ್ ಟರ್ಬೈನ್ ಸೈಕಲ್ ಬರೆದು ಪಾಸಾದ ನನಗೆ ಅದರ ಫಿಲ್ಟರ್ ಯಾರು ತರುತ್ತಾರೆ ಎಂಬ ಪ್ರಶ್ನೆ ಹೊಳೆದಿರಲೇ ಇಲ್ಲ.

ನಮ್ಮ ಉಪಖಂಡಕ್ಕೆ ಇದು ಹೊಸ ಪಾಠವಲ್ಲ. ಪಾಕಿಸ್ತಾನಕ್ಕೆ ಪ್ಯಾಟನ್‌ಗಳು ಬಂದದ್ದು 1954ರ ಒಪ್ಪಂದದಿಂದ. 1965ರ ಸೆಪ್ಟೆಂಬರ್‌ನಲ್ಲಿ ಯುದ್ಧ ಶುರುವಾದ ಕೂಡಲೇ ಅಮೆರಿಕ ಎರಡೂ ದೇಶಗಳಿಗೆ ಶಸ್ತ್ರ ನಿಲ್ಲಿಸಿತು. ಪ್ಯಾಟನ್ ಇದ್ದವರಿಗೆ ಬಿಡಿಭಾಗವೇ ಇಲ್ಲ. ಪಾಕಿಸ್ತಾನ ಚೀನಾದ ಟ್ಯಾಂಕ್‌ಗಳತ್ತ ತಿರುಗಿತು. ಅಸಲ್ ಉತ್ತರ್‌ನಲ್ಲಿ ನೀರು ನಿಲ್ಲಿಸಿದ ಹೊಲದ ಕೆಸರಲ್ಲಿ ಪ್ಯಾಟನ್‌ಗಳು ಸಿಕ್ಕಿಬಿದ್ದ ಕಥೆ ಎಲ್ಲರಿಗೂ ಗೊತ್ತು. ಬಿಡಿಭಾಗದ ಈ ಕಥೆ ಅಷ್ಟು ರೋಚಕವಲ್ಲ, ಹಾಗಾಗಿ ಯಾರೂ ಹೇಳುವುದಿಲ್ಲ.

ನಮ್ಮದೇ ಊರು ಒಮ್ಮೆ ಆ ಪೋಲೆಂಡಿನ ಜಾಗದಲ್ಲಿತ್ತು. ವಾಲ್‌ಚಂದ್ ಹೀರಾಚಂದ್ ಮೈಸೂರು ಸಂಸ್ಥಾನದ ಜೊತೆ ಸೇರಿ 1940ರಲ್ಲಿ ಕಟ್ಟಿದ ಎಚ್‌ಎಎಲ್ ಕಾರ್ಖಾನೆ 1943ರಲ್ಲಿ ಅಮೆರಿಕದ ವಾಯುಪಡೆಯ ಕೈಗೆ ಹೋಯಿತು. ಏಷ್ಯಾದಲ್ಲಿ ಹಾರಾಡಿ ಸವೆದ ಮಿತ್ರಪಡೆಯ ವಿಮಾನಗಳು ಇಲ್ಲಿ ಬಿಚ್ಚಿ, ತೊಳೆದು, ಜೋಡಣೆಯಾಗಿ ಮರಳಿದವು. ಇಂದಿರಾನಗರದಲ್ಲಿ ಕಾಫಿ ಕುಡಿಯುತ್ತಾ ಕೂತಾಗ ಇದು ನೆನಪಾಗುವುದು ಕಷ್ಟ, ಅದು ಬೇರೆ ಮಾತು.

ಇಂದಿನ ಪರಿಸ್ಥಿತಿ? ನಮ್ಮ ಅರ್ಜುನ್ ಟ್ಯಾಂಕಿನೊಳಗೆ ಜರ್ಮನಿಯ ಎಂಟಿಯು ಎಂಜಿನ್ ಇದೆ. 2024ರ ಮಾರ್ಚ್ 20ರಂದು ಬಿಇಎಂಎಲ್‌ನ ಮೈಸೂರು ಎಂಜಿನ್ ಘಟಕದಲ್ಲಿ ದೇಶದಲ್ಲೇ ತಯಾರಾದ 1500 ಅಶ್ವಶಕ್ತಿಯ ಟ್ಯಾಂಕ್ ಎಂಜಿನ್ ಮೊದಲ ಬಾರಿಗೆ ಚಾಲೂ ಆಯಿತು. ಅದು ಪರೀಕ್ಷಾ ಹಂತ, ಟ್ಯಾಂಕಿಗೇರಲು ಇನ್ನೂ ದಾರಿಯಿದೆ. ಆದರೂ ನನ್ನ ವಾಲ್‌ಪೇಪರ್ ಆ ದಿನ ಬದಲಾಯಿತು.

ಈಗ ನನ್ನದು ಮೆಕ್ಯಾನಿಕಲ್ ಮೂರನೇ ವರ್ಷ. ಕ್ಲಾಸಿನಲ್ಲಿ ನಾವು ನಾಲ್ವರೇ ಹುಡುಗಿಯರು. ಮೂವರು ಕೋಡಿಂಗ್ ಕೋರ್ಸ್ ಸೇರಿಯಾಯಿತು. ಅವರನ್ನು ತಪ್ಪೆನ್ನಲಾರೆ. ಔಟರ್ ರಿಂಗ್ ರೋಡಿನ ಕಂಪನಿಯ ಆಫರ್ ಲೆಟರ್ ತಂದರೆ ಮನೆ ಬಾಡಿಗೆಯ ಚಿಂತೆ ತಪ್ಪುತ್ತದೆ ಎಂದು ಅಮ್ಮ ವಾರಕ್ಕೊಮ್ಮೆ ನೆನಪಿಸುತ್ತಾಳೆ, ಅದೂ ಸುಳ್ಳಲ್ಲ. ಸೇನೆಯ ಶಾರ್ಟ್ ಸರ್ವಿಸ್ ಟೆಕ್ನಿಕಲ್ ಪ್ರವೇಶಕ್ಕೆ ಹೆಣ್ಣುಮಕ್ಕಳೂ ಅರ್ಜಿ ಹಾಕಬಹುದು. ಹಾಕಬೇಕೆಂದಿದ್ದೇನೆ, ಅಮ್ಮನಿಗೆ ಇನ್ನೂ ಹೇಳಿಲ್ಲ. ಭಾನುವಾರ ಈ ಪುಟದಲ್ಲಿ ಓದಿದರೆ ಗೊತ್ತಾಗುತ್ತದೆ.

ಸದ್ಯಕ್ಕೆ ಮಿನಿ ಪ್ರಾಜೆಕ್ಟ್. ತಿರುಗುವ ಉರುಳೆಗೆ ಸರಪಳಿ ಕಟ್ಟಿ ನೆಲವನ್ನು ಬಡಿಯುತ್ತಾ ಮುಂದೆ ಸಾಗುವ ಯಂತ್ರದ ಪುಟ್ಟ ಮಾದರಿ. ಐಡಿಯಾ ನನ್ನದಲ್ಲ. ಎರಡನೇ ಮಹಾಯುದ್ಧದಲ್ಲಿ ಅಮೆರಿಕ ಕೊಟ್ಟ ಶರ್ಮನ್ ಟ್ಯಾಂಕಿನ ಮೂತಿಗೆ ಬ್ರಿಟಿಷರು ಇಂಥದೇ ಸರಪಳಿ ಕಟ್ಟಿ ಅದನ್ನು 'ಕ್ರ್ಯಾಬ್' ಎಂದು ಕರೆದಿದ್ದರು. ನನ್ನದಕ್ಕೆ ಬೇಕಾದ ಶಾಫ್ಟ್, ಸರಪಳಿ, ಬೇರಿಂಗ್ ಎಲ್ಲ ಶಿವಾಜಿನಗರದ ಗುಜರಿಯಲ್ಲಿ ಸಿಕ್ಕವು, ತೂಕದ ಲೆಕ್ಕದಲ್ಲಿ.

ಡ್ರಾಯಿಂಗ್ ತಾತನಿಗೆ ತೋರಿಸಿದೆ. ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು. ಸ್ಫೋಟಕ್ಕೆ ಸರಪಳಿ ಕಿತ್ತುಹೋದರೆ ಹೊಸದು ಹಾಕಲು ಎಷ್ಟು ನಿಮಿಷ ಎಂದು ಕೇಳಿದರು. ನಾನು ಆರು ಬೋಲ್ಟ್ ಕೊಟ್ಟಿದ್ದೆ, ಸ್ಟ್ರೆಂತ್ ಲೆಕ್ಕ ಪಕ್ಕಾ ಇತ್ತು. ಅವರ ಮುಂದೆಯೇ ಬಿಚ್ಚಿ ಹಾಕಿದೆ, ಹನ್ನೊಂದು ನಿಮಿಷವಾಯಿತು. ಅವರು ಏನೂ ಅನ್ನಲಿಲ್ಲ. ವಾಪಸ್ ಹೋಗಿ ಆರು ಬೋಲ್ಟ್ ಕಿತ್ತು ಒಂದೇ ದಪ್ಪ ಪಿನ್ ಮತ್ತು ಕ್ಲಿಪ್ ಹಾಕಿದೆ. ಕಳೆದ ವಾರ ನಾಲ್ಕು ನಿಮಿಷಕ್ಕೆ ಇಳಿಸಿ, ಗೆದ್ದ ಖುಷಿಯಲ್ಲಿ ಕೆಳಗೆ ಓಡಿದೆ.

ತಾತ ಮೆಟ್ಟಿಲ ದೀಪ ಆರಿಸಿದರು. 'ಈಗ ಹಾಕು' ಎಂದರು.