ವಿಸಿಆರ್ ಬಲ್ಲವರು ಬೇಕಾಗಿದ್ದಾರೆ

ಜೆ.ಪಿ. ನಗರದಲ್ಲಿ ಹಳೆಯ ಮನೆಗಳು ಬೀಳುತ್ತಿವೆ. ಎಂಬತ್ತು, ತೊಂಬತ್ತರ ದಶಕದಲ್ಲಿ ಬ್ಯಾಂಕು, ಕಾರ್ಖಾನೆ, ಸರ್ಕಾರಿ ಕಚೇರಿಗಳ ನೌಕರರು ಸಾಲ ಮಾಡಿ ಕಟ್ಟಿಸಿದ ಮನೆಗಳು ಒಂದೊಂದಾಗಿ ಬಿಲ್ಡರ್ ಕೈಗೆ ಹೋಗಿ ನಾಲ್ಕಂತಸ್ತು ಏಳುತ್ತಿವೆ. ಮನೆ ಖಾಲಿ ಮಾಡುವಾಗ ಅಟ್ಟದಿಂದ ಇಳಿಯುವ ಸಾಮಾನಿನಲ್ಲಿ ತಾಮ್ರದ ಹಂಡೆಗೂ ದಸರಾ ಗೊಂಬೆಗಳಿಗೂ ಹೇಗೋ ವಾರಸುದಾರರು ಸಿಕ್ಕಿಬಿಡುತ್ತಾರೆ. ಬಟ್ಟೆಚೀಲದಲ್ಲಿ ಗಂಟು ಕಟ್ಟಿಟ್ಟ ವೀಡಿಯೊ ಕ್ಯಾಸೆಟ್ಟುಗಳ ಸರದಿ ಬಂದಾಗ ಮಾತ್ರ ಎಲ್ಲರೂ ಮುಖ ಮುಖ ನೋಡಿಕೊಳ್ಳುತ್ತಾರೆ. ಮೇಲೆ ಸ್ಕೆಚ್ ಪೆನ್ನಿನಲ್ಲಿ ‘ಧಾರೆ 1’, ‘ಧಾರೆ 2’, ‘ಗೃಹಪ್ರವೇಶ’ ಎಂದಷ್ಟೇ ಬರೆದಿರುತ್ತದೆ. ಯಾರ ಧಾರೆ? ಹಾಕಿ ನೋಡೋಣವೆಂದರೆ ವಿಸಿಆರ್ ಎಲ್ಲಿದೆ?

ಇಂಥ ಚೀಲಗಳು ಬಂದು ಸೇರುವುದು ದಕ್ಷಿಣ ಬೆಂಗಳೂರಿನ ಕೆಲವು ಫೋಟೊ ಸ್ಟುಡಿಯೊಗಳಿಗೆ, ಮನೆಯ ಮಹಡಿಯ ಕೋಣೆಯಲ್ಲೇ ಯಂತ್ರಗಳನ್ನಿಟ್ಟುಕೊಂಡು ಕೂತ ಒಬ್ಬಿಬ್ಬರ ಬಳಿಗೆ. ಪಾಸ್‌ಪೋರ್ಟ್ ಫೋಟೊ, ಲ್ಯಾಮಿನೇಶನ್ ಎಂಬ ಬೋರ್ಡಿನ ಕೆಳಗೆ ಸಣ್ಣ ಅಕ್ಷರದಲ್ಲಿ ‘ಹಳೆ ಕ್ಯಾಸೆಟ್ ಡಿಜಿಟಲ್ ಮಾಡಿಕೊಡಲಾಗುವುದು’ ಎಂದಿರುತ್ತದೆ. ಓದಿದವರು ಇದನ್ನು ಕಂಪ್ಯೂಟರಿನ ಕೆಲಸ ಎಂದುಕೊಳ್ಳುತ್ತಾರೆ. ಕಂಪ್ಯೂಟರಿನ ಪಾಲು ಇದರಲ್ಲಿ ಕಡಿಮೆ. ಇದು ಮೊದಲಿಗೆ ಮೆಕ್ಯಾನಿಕ್ಕಿನ ಕೆಲಸ.

ಜಪಾನಿನ ಜೆವಿಸಿ ಕಂಪನಿ 1976ರಲ್ಲಿ ಹೊರತಂದ ವಿಎಚ್‌ಎಸ್ ಕ್ಯಾಸೆಟ್ಟಿನೊಳಗೆ ಅರ್ಧ ಇಂಚು ಅಗಲದ ಟೇಪು ಇರುತ್ತದೆ, ಮೂರು ಗಂಟೆಯದ್ದಾದರೆ ಸುಮಾರು 250 ಮೀಟರ್. ಅದು ಸೆಕೆಂಡಿಗೆ ಎರಡೂವರೆ ಸೆಂಟಿಮೀಟರಿಗೂ ಕಡಿಮೆ ವೇಗದಲ್ಲಿ ತೆವಳುತ್ತದೆ. ಚಿತ್ರ ಹಿಡಿಯಲು ಈ ವೇಗ ಏನೇನೂ ಸಾಲದು. ಆದ್ದರಿಂದ ಟೇಪನ್ನು ಓರೆಯಾಗಿ ನಿಂತ ಅಲ್ಯೂಮಿನಿಯಂ ಡ್ರಮ್ಮಿಗೆ ಸುತ್ತಿ, ಡ್ರಮ್ಮನ್ನೇ ನಿಮಿಷಕ್ಕೆ 1500 ಸುತ್ತು ತಿರುಗಿಸುತ್ತಾರೆ. ಡ್ರಮ್ಮಿನ ಅಂಚಿನಲ್ಲಿರುವ ಪುಟ್ಟ ಹೆಡ್ಡುಗಳು ಟೇಪಿನ ಮೇಲೆ ಓರೆ ಗೆರೆಗಳಾಗಿ ಚಿತ್ರವನ್ನು ಬರೆಯುತ್ತವೆ, ಮತ್ತೆ ಓದುತ್ತವೆ. ಒಂದೊಂದು ಗೆರೆಯ ಅಗಲ ಒಂದು ಮಿಲಿಮೀಟರಿನ ಇಪ್ಪತ್ತನೇ ಒಂದು ಭಾಗ. ಮದುವೆ ಮನೆಯಲ್ಲಿ ಕ್ಯಾಮೆರಾ ಬರೆದ ಆ ಗೆರೆಯನ್ನು ಮೂವತ್ತು ವರ್ಷದ ಮೇಲೆ ಬೇರೊಂದು ಯಂತ್ರ ಅಷ್ಟೇ ಕರಾರುವಾಕ್ಕಾಗಿ ಹಿಡಿಯಬೇಕು.

ಆ ಯಂತ್ರವೇ ಈಗ ಕೈಕೊಡುತ್ತಿದೆ. ವಿಸಿಆರ್ ತಯಾರಿಕೆಯಲ್ಲಿ ಕೊನೆಯವರೆಗೂ ಉಳಿದಿದ್ದ ಜಪಾನಿನ ಫುನಾಯಿ ಕಂಪನಿ ಬಿಡಿಭಾಗ ಸಿಗದೆ 2016ರ ಜುಲೈನಲ್ಲಿ ಕೈಚೆಲ್ಲಿತು. ಅದರ ಹಿಂದಿನ ವರ್ಷವೂ ಅದು ಏಳೂವರೆ ಲಕ್ಷ ಯಂತ್ರ ಮಾರಿತ್ತು ಎಂಬುದು ಅಚ್ಚರಿಯೇ. ಧ್ವನಿ ಮತ್ತು ದೃಶ್ಯ ಸಂಗ್ರಹಾಲಯಗಳ ಅಂತರರಾಷ್ಟ್ರೀಯ ಸಂಘದ ಜೊತೆ ಸೇರಿ ಯುನೆಸ್ಕೊ 2019ರಲ್ಲಿ ಎಚ್ಚರಿಕೆಯ ಗಂಟೆ ಬಾರಿಸಿತು. 2025ರ ಸುಮಾರಿಗೆ ಟೇಪು ಇದ್ದರೂ ಅದನ್ನು ಆಡಿಸುವ ಯಂತ್ರ ಸಿಗದ ಕಾಲ ಬರುತ್ತದೆ ಎಂಬುದು ಅದರ ಸಾರ. ಆ ಗಡುವೂ ಈಗ ಬಂದುಹೋಗಿದೆ.

ಹಾಗಾಗಿ ಈ ಕೆಲಸ ಹಿಡಿದವರ ಕೋಣೆಯಲ್ಲಿ ಓಡುವ ವಿಸಿಆರ್ ಎರಡಿದ್ದರೆ ಓಡದವು ಏಳೆಂಟು ಇರುತ್ತವೆ. ಎಸ್.ಪಿ. ರಸ್ತೆಯಿಂದಲೋ ಗುಜರಿಯಿಂದಲೋ ತಂದ ಈ ಸತ್ತ ಯಂತ್ರಗಳಿಂದಲೇ ಬದುಕಿರುವವಕ್ಕೆ ಅಂಗಾಂಗ ದಾನ. ಮೊದಲು ಹೋಗುವುದು ರಬ್ಬರು: ಟೇಪನ್ನು ಒತ್ತಿ ಎಳೆಯುವ ಪಿಂಚ್ ರೋಲರ್ ಕಲ್ಲಾಗುತ್ತದೆ, ಬೆಲ್ಟುಗಳು ಕರಗಿ ಅಂಟಾಗುತ್ತವೆ. ಆಮೇಲೆ ಬೋರ್ಡಿನ ಕೆಪಾಸಿಟರುಗಳು ಸೋರುತ್ತವೆ. ಹೆಡ್ ಒರೆಸುವುದೂ ಒಂದು ವಿದ್ಯೆಯೇ. ಸ್ಪಿರಿಟ್‌ನಲ್ಲಿ ಅದ್ದಿದ ಮೆತ್ತನೆಯ ಚರ್ಮದ ತುಂಡನ್ನು ಅಲುಗಾಡಿಸದೆ ಹಿಡಿದು ಡ್ರಮ್ಮನ್ನು ಬೆರಳಿನಿಂದ ಮೆಲ್ಲಗೆ ತಿರುಗಿಸಬೇಕು. ಹತ್ತಿ ಸುತ್ತಿದ ಕಡ್ಡಿ ಹಾಕಿ ಮೇಲೆ ಕೆಳಗೆ ಉಜ್ಜಿದಿರೋ, ಹೆಡ್ ಮುರಿಯಿತು. ಮುರಿದರೆ ಹೊಸದನ್ನು ಎಲ್ಲಿಂದ ತರುತ್ತೀರಿ?

ಕ್ಯಾಸೆಟ್ ಬಂದ ತಕ್ಷಣ ಯಂತ್ರಕ್ಕೆ ತುರುಕುವವನ ಬಳಿ ನಿಮ್ಮ ಕ್ಯಾಸೆಟ್ ಬಿಟ್ಟು ಬರಬೇಡಿ. ಬಲ್ಲವರು ಮೊದಲು ಅದನ್ನು ಬೆಳಕಿಗೆ ಹಿಡಿದು ಕಿಟಕಿಯಲ್ಲಿ ಇಣುಕುತ್ತಾರೆ. ಕಪ್ಪು ಸುರುಳಿಯ ಅಂಚಿನಲ್ಲಿ ಬೆಳ್ಳಗೆ ಹಿಟ್ಟು ಚಿಮುಕಿಸಿದಂತೆ ಕಂಡರೆ ಅದು ಬೂಷ್ಟು. ಅಡುಗೆಮನೆಯ ಅಟ್ಟದ ಹಬೆ, ಸೋರುವ ಚಾವಣಿ, ನಮ್ಮ ಜುಲೈ ಆಗಸ್ಟ್ ತಿಂಗಳ ಥಂಡಿ ಎಲ್ಲ ಸೇರಿ ಅದನ್ನು ಸಾಕಿರುತ್ತವೆ. ಬೂಷ್ಟು ಹಿಡಿದ ಟೇಪನ್ನು ಒಳ್ಳೆಯ ಯಂತ್ರಕ್ಕೆ ಹಾಕಿದರೆ ಹೆಡ್ಡು ಕಟ್ಟುವುದಷ್ಟೇ ಅಲ್ಲ, ಅದೇ ಯಂತ್ರಕ್ಕೆ ಮುಂದೆ ಹಾಕಿದ ಕ್ಯಾಸೆಟ್ಟಿಗೂ ಸೋಂಕು ದಾಟುತ್ತದೆ. ಅದಕ್ಕೇ ಬಲಿಪಶುವಿನಂಥ ಒಂದು ಹಳೆಯ ಯಂತ್ರ ಬೇರೆ ಇಟ್ಟಿರುತ್ತಾರೆ. ಬಾಯಿ ಮೂಗಿಗೆ ಮಾಸ್ಕ್ ಕಟ್ಟಿಕೊಂಡು ಟೇಪನ್ನು ಬಟ್ಟೆಯ ನಡುವೆ ಹಾಯಿಸಿ ಒರೆಸುತ್ತಾರೆ. ಡಬ್ಬಿ ಒಡೆದಿದ್ದರೆ ಐದು ಸ್ಕ್ರೂ ಬಿಚ್ಚಿ ಸುರುಳಿಗಳನ್ನು ಬೇರೆ ಡಬ್ಬಿಗೆ ಸೇರಿಸುತ್ತಾರೆ. ಟೇಪು ತುಂಡಾಗಿದ್ದರೆ ಬೆಸುಗೆ. ಆಮೇಲೆ ಒಮ್ಮೆ ಕೊನೆಯವರೆಗೆ ಓಡಿಸಿ ಹಿಂದಕ್ಕೆ ಸುತ್ತಿದರೆ, ವರ್ಷಗಟ್ಟಲೆ ಅಂಟಿಕೊಂಡ ಸುತ್ತುಗಳು ಸಡಿಲವಾಗುತ್ತವೆ.

ಇಷ್ಟಾದ ಮೇಲೆ ಆಡಿಸುವುದು. ಇಲ್ಲಿ ಅವಸರಕ್ಕೆ ಜಾಗವಿಲ್ಲ. ಮೂರು ಗಂಟೆಯ ಕ್ಯಾಸೆಟ್ಟಿಗೆ ಮೂರು ಗಂಟೆಯೇ ಬೇಕು, ಒಬ್ಬರು ಕೂತು ನೋಡುತ್ತಲೂ ಇರಬೇಕು. ಗೆರೆ ಬಂದಾಗ ಟ್ರ್ಯಾಕಿಂಗ್ ತಿದ್ದಬೇಕು, ಹಿಮದಂತೆ ಚುಕ್ಕೆ ಬಂದರೆ ನಿಲ್ಲಿಸಿ ಹೆಡ್ ಒರೆಸಬೇಕು. ಹಳೆ ಟೇಪು ಒಂದೇ ವೇಗದಲ್ಲಿ ಓಡುವುದಿಲ್ಲವಾದ್ದರಿಂದ ಪರದೆಯ ಮೇಲಿನ ನೆಟ್ಟಗಿನ ಕಂಬ ಅಲೆಯಂತೆ ಬಳುಕುತ್ತದೆ. ಅದನ್ನು ನೆಟ್ಟಗೆ ಮಾಡುವ ಟೈಮ್ ಬೇಸ್ ಕರೆಕ್ಟರ್ ಎಂಬ ಸಾಧನ ಇರುವ ಅಂಗಡಿಗೂ ಇಲ್ಲದ ಅಂಗಡಿಗೂ ಫಲಿತಾಂಶದಲ್ಲಿ ಅಜಗಜಾಂತರ. ವಿವರ ಒಂದಿಷ್ಟೂ ಕಳೆಯದಂತೆ ಕುಗ್ಗಿಸಿ ಹಿಡಿದಿಟ್ಟರೆ ಗಂಟೆಗೆ 30 ಜಿಬಿಯ ಆಸುಪಾಸು ಜಾಗ ತಿನ್ನುತ್ತದೆ. ಅದರಿಂದ ಮನೆಯವರಿಗೆ ಸಣ್ಣ ಎಂಪಿ4 ಕಡತ ಮಾಡಿಕೊಡುತ್ತಾರೆ. ದೊಡ್ಡದನ್ನೂ ಕೇಳಿ ಪಡೆಯುವುದು ಒಳ್ಳೆಯದು, ಹಾರ್ಡ್ ಡಿಸ್ಕ್ ನಾವೇ ಒಯ್ದರಾಯಿತು.

‘ನಮ್ಮದು ಆಗಲೇ ಸಿಡಿ ಮಾಡಿಸಿದ್ದೇವೆ’ ಎನ್ನುವವರು ಬಹಳ. 2000ದ ಆಸುಪಾಸಿನಲ್ಲಿ ಮಾಡಿಸಿದ್ದು ಹೆಚ್ಚಾಗಿ ವಿಸಿಡಿ, ಒಂದೊಂದರಲ್ಲಿ 74 ನಿಮಿಷ. ಅದರ ಚಿತ್ರ 352 ಗುಣಿಸು 288 ಚುಕ್ಕೆ, ಅಂದರೆ ಈಗ ಟೇಪಿನಿಂದ ಹಿಡಿಯುವುದರ ಕಾಲು ಭಾಗ. ಮೂಲ ಕ್ಯಾಸೆಟ್ ಇನ್ನೂ ಇದ್ದರೆ ಮತ್ತೆ ಮಾಡಿಸಬೇಕು ಎಂಬುದು ನನ್ನ ಪಕ್ಷ. ಹ್ಯಾಂಡಿಕ್ಯಾಮ್ ಕಾಲದ ಮಿನಿ ಡಿವಿ ಕ್ಯಾಸೆಟ್ಟಿನ ಕಥೆ ಬೇರೆ. 1995ರಲ್ಲಿ ಬಂದ ಆ ಬೆಂಕಿಪೊಟ್ಟಣದಷ್ಟು ಅಗಲದ ಡಬ್ಬಿಯಲ್ಲಿರುವುದು ಮೊದಲಿನಿಂದಲೇ ಡಿಜಿಟಲ್. ಫೈರ್‌ವೈರ್ ಕೇಬಲ್ಲಿನಲ್ಲಿ ಇಳಿಸಿಕೊಂಡರೆ ಗಂಟೆಗೆ 13 ಜಿಬಿಯಂತೆ ಇದ್ದದ್ದು ಇದ್ದಂತೆಯೇ ಬರುತ್ತದೆ. ಆ ಕೇಬಲ್ ಸಿಕ್ಕಿಸುವ ಜಾಗ ಹೊಸ ಕಂಪ್ಯೂಟರುಗಳಲ್ಲಿಲ್ಲ. ಅದಕ್ಕೇ ಕೆಲವರು ಹಳದಿ ಪಿನ್ನಿನಲ್ಲಿ ಸುಲಭದ ದಾರಿ ಹಿಡಿಯುತ್ತಾರೆ, ಚಿತ್ರ ಕೆಡುತ್ತದೆ. ಮಿನಿ ಡಿವಿಯನ್ನು ಯಾವ ಕೇಬಲ್ಲಿನಲ್ಲಿ ಇಳಿಸುತ್ತೀರಿ? ಅಂಗಡಿಯವರನ್ನು ಕೇಳಬೇಕಾದ ಪ್ರಶ್ನೆ ಇದೊಂದೇ ಸಾಕು, ಉತ್ತರದಲ್ಲೇ ಅವರ ಹದ ತಿಳಿದುಬಿಡುತ್ತದೆ.

ಈ ಭಾಗದ ಮನೆಗಳಲ್ಲಿ ಇನ್ನೊಂದು ಬಗೆಯ ಕ್ಯಾಸೆಟ್ಟೂ ಸಿಗುತ್ತದೆ: ಅಮೆರಿಕದಲ್ಲಿರುವ ಮಗಳೋ ಮಗನೋ ಮೊಮ್ಮಗುವಿನ ನಾಮಕರಣ ತೆಗೆದು ಕಳಿಸಿದ್ದು. ನಮ್ಮಲ್ಲಿಯದು 625 ಗೆರೆಗಳ ಪಾಲ್ ಪದ್ಧತಿ, ಅಲ್ಲಿಯದು 525 ಗೆರೆಗಳ ಎನ್‌ಟಿಎಸ್‌ಸಿ. ಇಲ್ಲಿನ ಸಾಧಾರಣ ವಿಸಿಆರ್‌ಗೆ ಹಾಕಿದರೆ ಬಣ್ಣವಿಲ್ಲದೆ ಉರುಳುವ ಚಿತ್ರ. ಎಷ್ಟೋ ಅಜ್ಜಿ ತಾತಂದಿರು ಅವನ್ನು ಒಮ್ಮೆಯೂ ಸರಿಯಾಗಿ ನೋಡದೆ ಬೀರುವಿನಲ್ಲಿ ಜೋಪಾನ ಮಾಡಿದ್ದಾರೆ. ಎರಡೂ ಪದ್ಧತಿಯನ್ನು ಓದುವ ಯಂತ್ರವಿದ್ದವರಿಗೆ ಅದು ಕಷ್ಟವೇನಲ್ಲ.

ಇನ್ನು ಮದುವೆ ಕ್ಯಾಸೆಟ್. ಹೆಗಲ ಮೇಲೆ ಪ್ಯಾನಾಸೋನಿಕ್ ಹೊತ್ತ ವೀಡಿಯೊದವನು, ಅವನ ಹಿಂದೆ ಕಣ್ಣು ಕುಕ್ಕುವ ಲೈಟ್ ಹಿಡಿದ ಹುಡುಗ, ಲೈಟ್ ಬಿದ್ದೊಡನೆ ಊಟ ನಿಲ್ಲಿಸಿ ಬಿಗಿಯುವ ಪಂಕ್ತಿ ನಮಗೆಲ್ಲ ಗೊತ್ತು. ಆಮೇಲೆ ‘ಮಿಕ್ಸಿಂಗ್’ ಆಗುತ್ತಿತ್ತು. ಹೃದಯದಾಕಾರದ ಚೌಕಟ್ಟಿನಲ್ಲಿ ವಧೂವರರು ತಿರುಗುತ್ತಿದ್ದರು, ಅದರಡಿ ಆ ವರ್ಷದ ಸಿನಿಮಾ ಹಾಡುಗಳು. ಈಗ ಮೂವತ್ತು ವರ್ಷದ ಮೇಲೆ ಮನೆಯವರು ಹುಡುಕುವುದು ತೀರಿಹೋದ ಸೋದರಮಾವನ ದನಿಯನ್ನು. ಆ ದನಿ ಹಾಡಿನಡಿ ಅಳಿಸಿಹೋಗಿರುತ್ತದೆ. ಯಾವ ಕಸುಬುದಾರನೂ ಅದನ್ನು ಮರಳಿ ತರಲಾರ. ಹಾಗಾಗಿ ಮಿಕ್ಸಿಂಗ್ ಕಾಣದ ‘ರಾ’ ಕ್ಯಾಸೆಟ್ ಇದೆಯೇ ಎಂದು ಮೊದಲು ಹುಡುಕಿ. ಯಾರೋ ನೆಂಟರ ಹುಡುಗ ಹ್ಯಾಂಡಿಕ್ಯಾಮ್ ಆರಿಸಲು ಮರೆತು ಅಡುಗೆಮನೆ ಕಟ್ಟೆಯ ಮೇಲಿಟ್ಟಿದ್ದರೆ, ಮಂತ್ರ, ಓಲಗ, ಜಡೆ ಹಾಕುವವರ ಜಗಳ ಎಲ್ಲ ಅದರಲ್ಲಿ ಇರುತ್ತವೆ. ಕ್ಯಾಸೆಟ್ಟಿನ ಬಾಲದಲ್ಲಿ ಉಳಿದ ದೂರದರ್ಶನದ ಜಾಹೀರಾತು, ವಾರ್ತೆಗಳನ್ನೂ ಕತ್ತರಿಸಿ ಬಿಸಾಡಬೇಡಿ ಎಂದು ಮೊದಲೇ ಹೇಳಿರಿ.

ಮುಖಕ್ಕೆ ಹೊಳಪು ಕೊಡುತ್ತೇವೆ, ಫೋರ್-ಕೆ ಮಾಡುತ್ತೇವೆ ಎನ್ನುವ ಕೃತಕ ಬುದ್ಧಿಮತ್ತೆಯ ಆಮಿಷವೂ ಈಗ ಬಂದಿದೆ. ವಿಎಚ್‌ಎಸ್‌ನಲ್ಲಿ ಅಡ್ಡಕ್ಕೆ 240 ಗೆರೆಯಷ್ಟು ವಿವರ ಇದ್ದರೆ ಹೆಚ್ಚು. ಇಲ್ಲದ್ದನ್ನು ಆ ತಂತ್ರ ಊಹಿಸಿ ತುಂಬುತ್ತದೆ, ದೊಡ್ಡಮ್ಮನ ಮುಖ ಯಾರದೋ ಮುಖವಾಗುತ್ತದೆ. ಬೇಕಿದ್ದರೆ ಪ್ರತಿಯೊಂದಕ್ಕೆ ಮಾಡಿಸಿಕೊಳ್ಳಿ, ಮೂಲ ಕಡತಕ್ಕೆ ಬೇಡ.

ಕೆಲಸ ಮುಗಿಸಿ ಪೆನ್ ಡ್ರೈವ್ ಕೈಗಿತ್ತೊಡನೆ ಹೆಚ್ಚಿನವರು ಎರಡು ನಿಮಿಷದ ತುಣುಕು ಕತ್ತರಿಸಿ ಮನೆಯ ವಾಟ್ಸ್‌ಆ್ಯಪ್ ಗುಂಪಿಗೆ ಹಾಕುತ್ತಾರೆ. ‘ಕೆಂಪು ಸೀರೆ ಉಟ್ಟವರು ಯಾರು?’ ಎಂಬ ಪ್ರಶ್ನೆಗೆ ಗುಂಪಿನ ಹಿರಿಯರೊಬ್ಬರು ಬೆಳಗಿನೊಳಗೆ ಉತ್ತರಿಸಿರುತ್ತಾರೆ. ಆ ಉತ್ತರವನ್ನು ಕಡತದ ಹೆಸರಿನಲ್ಲೇ ಇಸವಿ, ಊರು, ಛತ್ರದ ಸಮೇತ ಬರೆದಿಟ್ಟು, ಎರಡು ಹಾರ್ಡ್ ಡಿಸ್ಕ್‌ಗಳನ್ನು ಎರಡು ಮನೆಗಳಲ್ಲಿಡಿ. ಕ್ಯಾಸೆಟ್ಟನ್ನು ಪೂರ್ತಿ ಹಿಂದಕ್ಕೆ ಸುತ್ತಿ, ಪುಸ್ತಕದಂತೆ ನಿಲ್ಲಿಸಿ, ಅಟ್ಟದಲ್ಲಲ್ಲ, ಬಟ್ಟೆಯ ಬೀರುವಿನಲ್ಲಿ.