‘ಬೆಬ್ಸಿ’ ಕೊಡಿ ಸರ್! ಇಂಗ್ಲಿಷ್ ಕ್ಲಾಸಿನಲ್ಲಿ ನಗು ಹುಟ್ಟುವುದು ಎಲ್ಲಿಂದ?

ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ

ಉಜಿರೆ, ಬೆಳ್ತಂಗಡಿ, ಮೂಡುಬಿದಿರೆ ಕಡೆಯವರಿಗೆ ಗಲ್ಫ್ ಅಂದ್ರೆ ಪಕ್ಕದ ಊರಿದ್ದ ಹಾಗೆ. ಇಲ್ಲಿ ಓದಿ, ಬಿ.ಎಡ್. ಮುಗಿಸಿ, ಹೊರದೇಶದಲ್ಲಿ ಇಂಗ್ಲಿಷ್ ಕಲಿಸೋಕೆ ಹೋದವರೂ ಇದ್ದಾರೆ. ರಜೆಯಲ್ಲಿ ಊರಿಗೆ ಬಂದಾಗ ಅವರ ಕ್ಲಾಸಿನ ತಮಾಷೆ ಕೇಳೋದೇ ಒಂದು ಮಜಾ. ಆದರೆ ಆ ತಮಾಷೆಗಳಿಗೆ ಕಾರಣ ಮಕ್ಕಳ ದಡ್ಡತನ ಅಲ್ಲ. ಹಾಗಾದ್ರೆ ಏನು? ಇವತ್ತು ಅದನ್ನೇ ನೋಡೋಣ.

‘ಪ’ ಇಲ್ಲದ ಭಾಷೆ

ಅರಬ್ ದೇಶದಲ್ಲಿ ಪಾಠ ಮಾಡಿದವರು ಮೊದಲು ಹೇಳೋದು ‘ಪ’ ಮತ್ತು ‘ಬ’ ಗಲಾಟೆಯನ್ನ. ವಿದ್ಯಾರ್ಥಿ ಬಂದು, “ಸರ್, ವೇರ್ ಕ್ಯಾನ್ ಐ ಬಾರ್ಕ್?” ಅಂತ ಕೇಳ್ತಾನೆ. ಎಲ್ಲಿ ಬೊಗಳಲಿ ಅಂತ! ಪಾಪ, ಅವನು ಕೇಳಿದ್ದು ಕಾರ್ ಪಾರ್ಕ್ ಮಾಡೋ ಜಾಗ.

ಅರಬ್ಬಿ ವರ್ಣಮಾಲೆಯಲ್ಲಿ ‘ಪ’ ಅಕ್ಷರವೇ ಇಲ್ಲ. ಹಾಗಾಗಿ ಹತ್ತಿರದ ‘ಬ’ ಆ ಜಾಗಕ್ಕೆ ಬಂದು ಕೂರುತ್ತೆ. ಪೆಪ್ಸಿ ಬಾಟಲಿ ಮೇಲೆ ಅರಬ್ಬಿಯಲ್ಲಿ ಬರೆದಿರೋದೇ ‘ಬೆಬ್ಸಿ’ ಅಂತ. ಜಪಾನ್ ಅಲ್ಲಿ ‘ಯಾಬಾನ್’. ಹಿಂದಿನ ಕಾಲದಲ್ಲಿ ಇದೇ ‘ಪ’ಗೆ ‘ಫ’ ಬಳಸ್ತಿದ್ದರು. ಗ್ರೀಕ್ ತತ್ವಜ್ಞಾನಿ ಪ್ಲೇಟೋ ‘ಅಫ್ಲಾತೂನ್’ ಆಗಿದ್ದು ಹಾಗೆ.

ಇದು ನಮಗೆ ವಿಚಿತ್ರ ಅನ್ನಿಸಬೇಕಿಲ್ಲ. ಹಳಗನ್ನಡದ ‘ಪಾಲ್’ ಇವತ್ತು ಹಾಲು, ‘ಪುಲಿ’ ಇವತ್ತು ಹುಲಿ. ಕನ್ನಡ ಬಿಟ್ಟ ಆ ‘ಪ’ವನ್ನ ತುಳು ಉಳಿಸಿಕೊಂಡಿದೆ. ಕನ್ನಡದ ಹುಲಿವೇಷ ತುಳುವಿನಲ್ಲಿ ಪಿಲಿವೇಷ, ಹೂವು ‘ಪೂ’. ಅತ್ತ ಮಾಲ್ಡೀವ್ಸ್‌ನ ದಿವೇಹಿ ಭಾಷೆಯಲ್ಲಿ ಹಳೆಯ ‘ಪ’ ‘ಫ’ ಆಗಿದೆ. ನಮ್ಮ ‘ಪಂಚ’ಕ್ಕೆ ನಂಟಿರುವ ಅವರ ಐದು ‘ಫಸ್’. ಒಂದೇ ‘ಪ’ ಒಂದೊಂದು ಊರಲ್ಲಿ ಒಂದೊಂದು ವೇಷ ಹಾಕಿದೆ ಅಷ್ಟೆ.

ಜಪಾನಿನ ‘ಬಸು’, ನಮ್ಮ ‘ಬಸ್ಸು’

ಜಪಾನ್ ಸರ್ಕಾರ 1987ರಿಂದ ಜೆಟ್ ಅನ್ನೋ ಯೋಜನೆಯಲ್ಲಿ ಹೊರದೇಶದ ಯುವಜನರನ್ನ ಶಾಲೆಗಳಿಗೆ ಕರೆಸಿಕೊಳ್ತಿದೆ. ಇವರಲ್ಲಿ ಹೆಚ್ಚಿನವರು ಇಂಗ್ಲಿಷ್ ಪಾಠಕ್ಕೆ ನೆರವಾಗುವವರು. ಜಪಾನಿ ಭಾಷೆಯಲ್ಲಿ ‘ರ’ ಮತ್ತು ‘ಲ’ ಬೇರೆ ಬೇರೆ ಅಲ್ಲ. ಹಾಗಾಗಿ ಅಲ್ಲಿನ ಮಗು “ನಾನು ದಿನಾ ರೈಸ್ ತಿಂತೀನಿ” ಅನ್ನೋಕೆ ಹೋದರೆ ‘ಲೈಸ್’ ಅಂತ ಕೇಳಿಸಬಹುದು. ಲೈಸ್ ಅಂದ್ರೆ ಹೇನು!

ಪದದ ಕೊನೆಗೆ ಸ್ವರ ಸೇರಿಸೋ ಅಭ್ಯಾಸವೂ ಅವರಿಗಿದೆ. ಬಸ್ ಅಲ್ಲಿ ‘ಬಸು’. ನಗಬೇಡಿ, ನಾವು ‘ಬಸ್ಸು’, ‘ಕಾರು’, ‘ಬುಕ್ಕು’ ಅನ್ನಲ್ವಾ?

ಹೌದು ಅಂದ್ರೆ ಇಲ್ಲ

ಕೆಲವು ತಮಾಷೆ ಉಚ್ಚಾರಣೆಯದ್ದಲ್ಲ, ವ್ಯಾಕರಣದ್ದು. “ಡಿಡ್‌ಂಟ್ ಯು ಡು ಯುವರ್ ಹೋಂವರ್ಕ್?” ಅಂತ ಟೀಚರ್ ಕೇಳ್ತಾರೆ. ಮಗು ಧೈರ್ಯವಾಗಿ “ಯೆಸ್” ಅನ್ನುತ್ತೆ. ಪುಸ್ತಕ ತೆಗೆದ್ರೆ ಖಾಲಿ! ಮಗು ಸುಳ್ಳು ಹೇಳಿಲ್ಲ. “ಬರೆದಿಲ್ವಾ?” ಅಂದ್ರೆ ಕನ್ನಡದಲ್ಲಿ “ಹೌದು ಸರ್, ಬರೆದಿಲ್ಲ” ಅಂತೀವಲ್ಲ, ಅದೇ ಲೆಕ್ಕ. ಜಪಾನಿಯಲ್ಲೂ ಹೀಗೇ. ಇಂಗ್ಲಿಷ್‌ನಲ್ಲಿ ಮಾತ್ರ ಕೆಲಸ ಆಗದಿದ್ದರೆ ಉತ್ತರ ‘ನೋ’.

ನಮ್ಮ “ಐ ಆಮ್ ಇನ್ ಉಜಿರೆ ಓನ್ಲಿ” ಕೂಡ ಇದೇ ಜಾತಿಯದ್ದು. ‘ಉಜಿರೆಯಲ್ಲೇ’ ಅನ್ನುವಾಗ ಕೊನೆಗೆ ಬರೋ ಆ ‘ಏ’ ಇಂಗ್ಲಿಷ್‌ಗೆ ಹೋಗಿ ‘ಓನ್ಲಿ’ ಆಯ್ತು. ಅಪ್ಪನ ಬಗ್ಗೆ ಹೇಳುವಾಗ ‘ಹೀ’ ಬಿಟ್ಟು ‘ದೇ’ ಅನ್ನೋ ಮಗು ವ್ಯಾಕರಣ ತಪ್ಪಿದ್ದು ನಿಜ. ಆದರೆ ಅದು ‘ಅವರು’ ಅನ್ನೋ ಮರ್ಯಾದೆ ಬಿಟ್ಟಿಲ್ಲ.

ಟೀಚರಿಗೂ ಒಂದು ಪಾಠ

‘ಪ’ ಕಲಿಸೋಕೆ ಒಂದು ಹಳೆಯ ಉಪಾಯ ಇದೆ. ಬಾಯಿ ಮುಂದೆ ಕಾಗದದ ಚೂರು ಹಿಡಿದು ‘ಪಿನ್’ ಅನ್ನೋದು. ಇಂಗ್ಲಿಷರು ಹೇಳಿದ್ರೆ ಕಾಗದ ಚೆನ್ನಾಗಿ ಅಲ್ಲಾಡುತ್ತೆ, ಯಾಕಂದ್ರೆ ಪದದ ಆರಂಭದಲ್ಲಿ ಅವರ ‘ಪ’ ಮಹಾಪ್ರಾಣದ ಹಾಗೆ ಉಸಿರು ಸೇರಿಸಿಕೊಂಡು ಬರುತ್ತೆ. ನಮ್ಮದು ಅಲ್ಪಪ್ರಾಣ, ಕಾಗದ ಅಲ್ಲಾಡೋದೇ ಕಷ್ಟ. ಇಂಗ್ಲಿಷರ ಕಿವಿಗೆ ನಮ್ಮ ‘ಪಿನ್’ ಕೆಲವೊಮ್ಮೆ ‘ಬಿನ್’ ಅಂತಲೇ ಕೇಳಿಸಬಹುದು. ಅಂದ್ರೆ ಅರಬ್ ಹುಡುಗನಿಗೆ ‘ಪ’ ಕಲಿಸೋಕೆ ಹೋದ ಉಜಿರೆಯ ಟೀಚರ್ ಮೊದಲು ತನ್ನ ‘ಪ’ವನ್ನೇ ಸ್ವಲ್ಪ ಊದಿ ಹೇಳಬೇಕು!

ನಕ್ಕರೆ ಏನಾಗುತ್ತೆ?

ಈಗ ಊರಿಗೇ ಬರೋಣ. ಉಜಿರೆ ಸಣ್ಣ ಊರಾದರೂ ಎಸ್‌ಡಿಎಂ ಕಾಲೇಜು ಶುರುವಾದ 1966ರಿಂದ ಸುತ್ತಲಿನ ಹಳ್ಳಿಗಳ ಮಕ್ಕಳಿಗೆ ಇದು ಓದಿನ ಊರು. ಮನೆಯಲ್ಲಿ ತುಳು, ಬ್ಯಾರಿ, ಕೊಂಕಣಿ ಅಥವಾ ಮಲಯಾಳ, ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ, ಆಮೇಲೆ ಪಿಯುಸಿ ಸೈನ್ಸ್ ಅಂದ ಕೂಡಲೇ ಎಲ್ಲ ಇಂಗ್ಲಿಷ್. ಆ ಹುಡುಗಿ ಮೊದಲ ಸಲ ಎದ್ದು ನಿಂತು ಒಂದು ವಾಕ್ಯ ಹೇಳಿದಾಗ ಕ್ಲಾಸ್ ನಕ್ಕುಬಿಟ್ಟರೆ, ಅವಳು ಮತ್ತೆ ಕೈ ಎತ್ತೋದು ಯಾವಾಗ? ಗೊತ್ತಿರೋ ಉತ್ತರವನ್ನೂ ನುಂಗಿಕೊಂಡು ಕೂರ್ತಾಳೆ. ತಪ್ಪಿದ್ದು ಒಂದು ಪದ, ನಷ್ಟ ಆಗೋದು ಎರಡು ವರ್ಷದ ಪ್ರಶ್ನೆಗಳು.

ಹಾಗಂತ ಕ್ಲಾಸಲ್ಲಿ ನಗಲೇಬಾರದಾ? ನಗಬೇಕು, ಮಗುವಿನ ಜೊತೆ. ಅನುಭವಿ ಶಿಕ್ಷಕರು ಮೊದಲು ಮಾತಿನ ಅರ್ಥಕ್ಕೆ ಉತ್ತರ ಕೊಡ್ತಾರೆ. “ವೇರ್ ಕ್ಯಾನ್ ಐ ಬಾರ್ಕ್?” ಅಂದವನಿಗೆ, “ಯು ಕ್ಯಾನ್ ಪಾರ್ಕ್ ಅಂಡರ್ ದಟ್ ಟ್ರೀ” ಅಂತಾರೆ. ಉತ್ತರವೂ ಸಿಕ್ಕಿತು, ಸರಿಯಾದ ಪದವೂ ಕಿವಿಗೆ ಬಿತ್ತು, ಮುಖಭಂಗವೂ ಆಗಲಿಲ್ಲ. ಆಮೇಲೆ ಟೀಚರ್ ತುಳುವಿನ ‘ಪಿಲಿ’, ಕನ್ನಡದ ‘ಹುಲಿ’ ಕಥೆ ಹೇಳಿದರೆ ಇಡೀ ಕ್ಲಾಸ್ ನಗುತ್ತೆ, ಆ ಹುಡುಗನೂ ನಗ್ತಾನೆ.

ನಿಮ್ಮ ಕ್ಲಾಸಲ್ಲೂ ಇಂಥ ತಮಾಷೆ ನಡೆದಿದ್ದರೆ ಬರೆದು ಕಳಿಸಿ. ಮಗುವಿನ ಹೆಸರು ಮಾತ್ರ ಬೇಡ.